ಕೂಡಿಸದೆ ಬಿಟ್ಟ ಎಂಟನೇ ಅಂಕಿ

ಬೀರೂರು ಸ್ಟೇಷನ್ನಿನಲ್ಲಿ ಟೀ ಮಾರುವಾತ ಲೋಟ ಕೈಗೆ ಕೊಡುತ್ತಾ, "ಅಜ್ಜಂಪುರದ ನಿಮ್ ಸಾಹೇಬ್ರು ಹೋಗ್ಬಿಟ್ರಂತಲ್ಲಮ್ಮ. ಮೂರು ದಿನ ಆಯ್ತಂತೆ" ಅಂದ. ನನಗೆ ಗೊತ್ತೇ ಇರುತ್ತದೆ ಅಂದುಕೊಂಡು ಆಡಿದ ಮಾತು. ನಾನು "ಹೂಂ" ಅಂದೆ. ತರೀಕೆರೆ ಕಡೆಯ ರೈಲು ಬಂದು ನಿಂತಿತು, ಜನ ಇಳಿದರು, ಹತ್ತಿದರು, ರೈಲು ಹೋಯಿತು. ನಾನು ಹತ್ತಲಿಲ್ಲ. ಹತ್ತಬೇಕಾಗಿತ್ತು ಅನ್ನುವುದು ನೆನಪಾದದ್ದು ಪ್ಲಾಟ್‌ಫಾರಂ ಖಾಲಿಯಾದ ಮೇಲೆ.

ಎರಡು ವರ್ಷದಿಂದ ಅವರ ಜೊತೆ ನಾನು ಮಾತಾಡಿರಲಿಲ್ಲ. ಮಾತಾಡಬೇಕು ಅಂದುಕೊಂಡಿದ್ದೆ. ಇವತ್ತಲ್ಲದಿದ್ದರೆ ಇನ್ನೊಂದು ದಿನ, ಅವರೆಲ್ಲಿ ಹೋಗುತ್ತಾರೆ ಎಂಬ ಧೈರ್ಯದಲ್ಲಿದ್ದೆ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಒಮ್ಮೆ ಒಂದು ಕಾಗದದ ಕೆಳಗೆ ಆ ಹೆಸರು ಬಿದ್ದು ನನ್ನ ಬದುಕು ತಲೆಕೆಳಗಾಯಿತು. ಇನ್ನೊಮ್ಮೆ ಇನ್ನೊಂದು ಕಾಗದದ ಕೆಳಗೆ ಬಿದ್ದು ಅವರದೇ ಬದುಕು ತಲೆಕೆಳಗಾಯಿತು. ಮೂರನೆಯ ಕಾಗದದ ಮೇಲೆ ಅದು ಬೇಡ.

ಕಡೂರಿನ ಬಸ್ ಸ್ಟ್ಯಾಂಡಿನಿಂದ ಐದು ನಿಮಿಷ ನಡೆದರೆ ಬೀಜ, ಗೊಬ್ಬರದ ಅಂಗಡಿಯೊಂದರ ಮೇಲೆ ನಮ್ಮ ಎರಡು ಕೋಣೆಯ ಆಫೀಸಿತ್ತು. ಮೊಬೈಲಿನಲ್ಲಿ ಆಡುವ ಖೋಖೋ ಆಟವನ್ನು ಅಲ್ಲಿ ತಯಾರಿಸುತ್ತಿದ್ದೆವು. ಬೀದರಿನಲ್ಲಿ ಕೂತವರು ಚಾಮರಾಜನಗರದಲ್ಲಿ ಕೂತವರನ್ನು ಅಟ್ಟಿಸಿಕೊಂಡು ಹೋಗಬಹುದಾಗಿತ್ತು. ಅಷ್ಟೂ ಜನರ ಫೋನುಗಳು ಎಲ್ಲೋ ದೂರದಲ್ಲಿರುವ ಒಂದು ಕಂಪ್ಯೂಟರಿಗೆ ಅಂಟಿಕೊಂಡಿರುತ್ತವೆ. ಯಾರು ಯಾರನ್ನು ಮುಟ್ಟಿದರು, ಯಾರು ಔಟು ಎಂದು ತೀರ್ಮಾನಿಸುವುದು ಆ ಕಂಪ್ಯೂಟರು. ಅದಕ್ಕೆ ಸರ್ವರ್ ಅನ್ನುತ್ತಾರೆ. ಅದರೊಳಗೆ ಓಡುವ ಪ್ರೋಗ್ರಾಂ ಬರೆದವಳು ನಾನು. ಸರ್ವರನ್ನು ಕಾಯುತ್ತಿದ್ದವರು ಅವರು. ಚಿತ್ರ ಬರೆಯುವ ಇಬ್ಬರು, ಕಡೂರಿನವರೇ ಆದ ಕಂಪನಿಯ ಯಜಮಾನರು, ಇಷ್ಟೇ ಜನ.

ಅವರಿಗೆ ಆಗಲೇ ಐವತ್ತೈದು ದಾಟಿತ್ತು. ಪೂರ್ತಿ ತೋಳಿನ ಅಂಗಿಯನ್ನು ಎರಡು ಮಡಿಕೆ ಮಡಿಚಿರುತ್ತಿದ್ದರು. ಹಣೆಯಲ್ಲಿ ವಿಭೂತಿ, ಜೇಬಿನಲ್ಲಿ ಪೆನ್ಸಿಲು. ಪೆನ್ನು ಮುಟ್ಟುತ್ತಿರಲಿಲ್ಲ. "ಪೆನ್ನಲ್ಲಿ ಬರ್ದೋನು ತಪ್ಪು ಒಪ್ಕಳಕ್ಕೆ ನಾಚ್ಕೋತಾನೆ ಕಣಮ್ಮ" ಅನ್ನುತ್ತಿದ್ದರು. ಅಜ್ಜಂಪುರದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಇಪ್ಪತ್ತು ವರ್ಷಕ್ಕೂ ಮೇಲೆ ಟೆಕ್ನಿಷಿಯನ್ ಆಗಿದ್ದು ಸ್ವಯಂ ನಿವೃತ್ತಿ ತೆಗೆದುಕೊಂಡಿದ್ದರು. ಆಮೇಲೆ ಶಿವಮೊಗ್ಗದ ಹಳೇ ಪುಸ್ತಕದ ಅಂಗಡಿಯಲ್ಲಿ ಸರ್ವರುಗಳನ್ನು ನಡೆಸುವ ಲಿನಕ್ಸ್ ಎಂಬ ವ್ಯವಸ್ಥೆಯ ಮೇಲಿನ ಒಂದು ದಪ್ಪ ಪುಸ್ತಕ ಹಿಡಿದು, ಪಕ್ಕದಲ್ಲಿ ಇಂಗ್ಲಿಷ್ ಕನ್ನಡ ನಿಘಂಟು ಇಟ್ಟುಕೊಂಡು, ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿದವರು. ಆ ಪುಸ್ತಕ ಅವರ ಮೇಜಿನ ಮೇಲೆ ಸದಾ ಇರುತ್ತಿತ್ತು. ಅದರ ಅಂಚಿನಲ್ಲೆಲ್ಲ ಪೆನ್ಸಿಲಿನಲ್ಲಿ ಬರೆದ ಕನ್ನಡ.

ನಾನು ತರೀಕೆರೆಯಲ್ಲಿ ಮಕ್ಕಳಿಗೆ ಕಂಪ್ಯೂಟರ್ ಟ್ಯೂಷನ್ ಹೇಳುತ್ತಿದ್ದವಳು. ನಿಜವಾದ ಪ್ರೋಗ್ರಾಂ ಕೆಲಸ ಅಂತ ಸಿಕ್ಕಿದ್ದು ಅದೇ ಮೊದಲು, ಅದೂ ರೈಲಿನಲ್ಲಿ ಹೋಗಿಬರುವಷ್ಟು ಹತ್ತಿರದಲ್ಲಿ. ಸೇರಿದ ಮೊದಲ ವಾರವೇ ಒಂದು ತಪ್ಪು ಆಜ್ಞೆ ಕೊಟ್ಟು ಆಡಿದ ಪಂದ್ಯಗಳ ದಾಖಲೆಯನ್ನೆಲ್ಲ ಅಳಿಸಿಬಿಟ್ಟೆ. ಅವರ ಮುಂದೆ ಹೋಗಿ ನಿಂತೆ. ಅವರು ಹಿಂದಿನ ದಿನ ತೆಗೆದಿಟ್ಟಿದ್ದ ಪ್ರತಿಯಿಂದ ಎಲ್ಲವನ್ನೂ ವಾಪಸ್ ಹಾಕಿದರು. ಯಜಮಾನರಿಗೆ ಹೇಳಲಿಲ್ಲ.

"ನಾನು ಒಂದ್ಸಲ ಇಡೀ ಅಜ್ಜಂಪುರದ ಫೋನ್ ಸಾಯಿಸ್ಬಿಟ್ಟಿದ್ದೆ" ಅಂದರು. "ಲಗ್ನದ ಕಾಲ ಬೇರೆ. ಒಬ್ಬ ಮದ್ವೆ ಗಂಡು ಎಕ್ಸ್‌ಚೇಂಜಿಗೇ ಬಂದು ಕೂತ್ಬಿಟ್ಟ, ಹುಡ್ಗಿ ಮನೆಗೆ ಫೋನ್ ಮಾಡಿಕೊಡಿ ಅಂತ. ಮೆಲ್ಲಗೆ ಮಾಡು ತಾಯಿ. ಮಿಶಿನ್ನು ಎಲ್ಲಿಗೂ ಓಡೋಗಲ್ಲ."

ನನ್ನನ್ನು ತಾಯಿ ಎಂದೇ ಕರೆಯುತ್ತಿದ್ದರು. ಈರುಳ್ಳಿ ಕಾಲದಲ್ಲಿ ಮನೆಯಿಂದ ಒಂದು ಚೀಲ ಹೊತ್ತು ತಂದು, "ನಿಮ್ ತರೀಕೆರೇಲಿ ಸಿಗೋದೂ ಒಂದು ಈರುಳ್ಳಿಯಾ" ಎಂದು ನನ್ನ ಕುರ್ಚಿಯ ಕೆಳಗೆ ತಳ್ಳುತ್ತಿದ್ದರು.

ಸಂಜೆ ಇಬ್ಬರೂ ಬೀರೂರಿನವರೆಗೆ ಒಟ್ಟಿಗೆ ಬರುತ್ತಿದ್ದೆವು. ಅಲ್ಲಿಂದ ಅವರದು ಅಜ್ಜಂಪುರದ ಗಾಡಿ, ನನ್ನದು ತರೀಕೆರೆಯದು. ಆ ಪ್ಲಾಟ್‌ಫಾರಂ ಮೇಲೆ ಅವರು ಹೇಳಿದ ಕಥೆಗಳಲ್ಲಿ ಒಂದು ನನ್ನ ಮನಸ್ಸಿನಲ್ಲಿ ಉಳಿದಿದೆ. ಅವರ ಮುಂದಿನ ನಡತೆಗೆಲ್ಲ ಅದೇ ಕಾರಣ ಎಂದು ಆಮೇಲೆ ಅನ್ನಿಸಿತು. ಒಂದು ಸಲ ಎಮ್ಮೆದೊಡ್ಡಿ ಕಡೆಯ ನೆಲದೊಳಗಿನ ಕೇಬಲ್ಲು ಎಲ್ಲೋ ತುಂಡಾಗಿತ್ತಂತೆ. ಮೇಲಧಿಕಾರಿ, ರಸ್ತೆ ಅಗೆದ ಜಾಗದಲ್ಲೇ ಹೋಗಿರುತ್ತದೆ, ಅಲ್ಲೇ ಅಗೆಯಿರಿ ಅಂದರಂತೆ. ಇವರ ಕೈಯಲ್ಲಿದ್ದ ಮೀಟರು ಮಾತ್ರ ಹುಲ್ಲುಗಾವಲಿನ ನಟ್ಟನಡುವಿನ ಒಂದು ಜಾಗ ತೋರಿಸುತ್ತಿತ್ತು.

"ಎಲ್ರೂ ನಕ್ರು. ದನ ಮೇಯೋ ಬಯಲಲ್ಲಿ ಕೇಬಲ್ಲು ಯಾಕೋ ತುಂಡಾಗ್ತದೆ ಅಂದ್ರು. ನಾನು ಮೀಟ್ರು ನಂಬ್ದೆ. ಅಮೃತಮಹಲ್ ದನ, ಹತ್ರ ಹೋದ್ರೆ ಕೊಂಬು ಬೀಸ್ಕೊಂಡು ಬರೋವು. ಅವುಗಳ ಮಧ್ಯೆ ಒಂದಿನವೆಲ್ಲ ಒಬ್ನೇ ಅಗೆದೆ. ಅಲ್ಲೇ ಇತ್ತು ಕಣಮ್ಮ! ಹೆಗ್ಗಣ ಕಡಿದಿತ್ತು. ಅವತ್ತಿಂದ ಮನುಷ್ಯ ಏನಂದ್ರೂ ನಾನು ಕೇಳಲ್ಲ. ಮೀಟ್ರು ಏನಂತದೆ ಅಂತ ಕೇಳ್ತೀನಿ."

ನಮ್ಮ ಆಫೀಸಿನ ಗೋಡೆಯ ಮೇಲೂ ಅವರು ಒಂದು ಮೀಟರು ಮಾಡಿದ್ದರು. ಹಳೇ ಟಿವಿಯ ಪರದೆ, ಅದರಲ್ಲಿ ಹಸಿರು ಅಕ್ಷರದಲ್ಲಿ ಸರ್ವರು ಶೇಕಡ ಎಷ್ಟು ಕೆಲಸದಲ್ಲಿದೆ ಎನ್ನುವ ಅಂಕಿ. ಲಿನಕ್ಸು ತನ್ನ ಹೊತ್ತನ್ನು ಯಾವ ಯಾವುದಕ್ಕೆ ಕಳೆಯಿತು ಎಂಬ ಲೆಕ್ಕವನ್ನು ಒಂದು ಸಾಲಿನಲ್ಲಿ ಬರೆದಿಡುತ್ತದೆ. ಇವರ ಪುಟ್ಟ ಪ್ರೋಗ್ರಾಮು ನಿಮಿಷಕ್ಕೊಮ್ಮೆ ಅದನ್ನು ಓದಿ ಗೋಡೆಗೆ ಹಾಕುತ್ತಿತ್ತು. ಆಗ ಸರ್ವರು ನಮ್ಮದೇ ಸ್ವಂತದ್ದು. ಮೂರು ವರ್ಷ ಆ ಅಂಕಿ ಒಮ್ಮೆಯೂ ತಪ್ಪಿರಲಿಲ್ಲ.

ಆಡುವವರು ಹೆಚ್ಚಾದ ಮೇಲೆ ಯಜಮಾನರು ದೂರದ ಒಂದು ಕಡೆ ಬಾಡಿಗೆ ಸರ್ವರುಗಳನ್ನು ಹಿಡಿದರು. ಗೋಡೆಯ ಪರದೆ ಅದೇ ಇತ್ತು. ಅದಕ್ಕೆ ಹೊಸ ಸರ್ವರುಗಳನ್ನು ಸೇರಿಸಿದರು, ಅಷ್ಟೇ.

ತೊಂದರೆ ಶುರುವಾದದ್ದು ಭಾನುವಾರಗಳಂದು. ಮಧ್ಯಾಹ್ನದ ಮೇಲೆ ಜಿಲ್ಲೆ ಜಿಲ್ಲೆಗಳ ತಂಡಗಳು ಆಡುತ್ತಿದ್ದವು. ಓಡುತ್ತಿದ್ದ ಆಟಗಾರ ಇದ್ದಕ್ಕಿದ್ದಂತೆ ಕಲ್ಲಿನಂತೆ ನಿಂತುಬಿಡುತ್ತಿದ್ದ. ಮರುಕ್ಷಣ ಎಲ್ಲೋ ಪ್ರತ್ಯಕ್ಷವಾಗುತ್ತಿದ್ದ. ಮುಟ್ಟದವರು ಮುಟ್ಟಿದಂತಾಗುತ್ತಿತ್ತು, ತಪ್ಪಿಸಿಕೊಂಡವರು ಔಟಾಗುತ್ತಿದ್ದರು. ಜನ ಬೈದು ಬರೆದರು. ಆಟವನ್ನು ಹೊರತರುತ್ತಿದ್ದ ಹುಬ್ಬಳ್ಳಿಯ ಸಂಸ್ಥೆಯವರು ಫೋನ್ ಮೇಲೆ ಫೋನ್ ಮಾಡಿದರು.

ನನ್ನ ಪ್ರೋಗ್ರಾಂ ತನ್ನ ಪ್ರತಿ ಹೆಜ್ಜೆಗೂ ಎಷ್ಟು ಹೊತ್ತು ಹಿಡಿಯಿತೆಂದು ತಾನೇ ಬರೆದಿಡುತ್ತಿತ್ತು. ಆ ದಾಖಲೆ ತೆರೆದು ನೋಡಿದೆ. ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ಮುಗಿಯಬೇಕಾದ ಹೆಜ್ಜೆಗೆ ಕೆಲವೊಮ್ಮೆ ಹತ್ತು ಪಟ್ಟು ಹಿಡಿದಿತ್ತು. ಗೋಡೆಯ ಮೇಲೆ ಮಾತ್ರ ಅದೇ ಹೊತ್ತಿಗೆ ಮೂವತ್ತು ಎಂಬ ಹಸಿರು ಅಂಕಿ.

"ಮಿಶಿನ್ನು ಮುಕ್ಕಾಲು ಪಾಲು ಸುಮ್ನೆ ಕೂತೈತೆ ತಾಯಿ" ಅಂದರು ಅವರು. "ಅದ್ರ ಮೇಲೆ ಭಾರ ಬಿದ್ದಿದ್ರೆ ತೊಂಬತ್ತು, ನೂರು ತೋರ್ಸದು. ನಿನ್ನ ಪ್ರೋಗ್ರಾಮೇ ಎಲ್ಲೋ ಏನಕ್ಕೋ ಕಾಯ್ತಾ ನಿಂತೈತೆ. ಹುಡುಕು."

ಅದರಲ್ಲಿ ತರ್ಕದ ತಪ್ಪೇನೂ ಇರಲಿಲ್ಲ. ನಾನೂ ಒಪ್ಪಿದೆ. ಹುಡುಕಿದೆ.

ಆರು ವಾರ ಹುಡುಕಿದೆ. ಇಲ್ಲದ್ದನ್ನು ಹುಡುಕುವುದು ಎಂಥದೆಂದು ಅದನ್ನು ಮಾಡಿದವರಿಗೇ ಗೊತ್ತು. ಕಳೆದುಹೋದ ವಸ್ತುವನ್ನು ಹುಡುಕುವಾಗ ಅದು ಎಲ್ಲೋ ಇದೆ ಎಂಬ ಸಮಾಧಾನವಾದರೂ ಇರುತ್ತದೆ. ನಾನು ಬರೆದ ಸಾಲುಗಳನ್ನೇ ಮತ್ತೆ ಮತ್ತೆ ಓದಿದೆ. ಪ್ರಿಂಟ್ ತೆಗೆದುಕೊಂಡು ರೈಲಿನಲ್ಲಿ ಓದಿದೆ. ಒಂದೊಂದು ಸಾಲಿಗೂ ಬೆರಳಿಟ್ಟು, ಇಲ್ಲಿ ಕಾಯುತ್ತಿದೆಯಾ, ಇಲ್ಲಿ ಕಾಯುತ್ತಿದೆಯಾ ಎಂದು ಕೇಳಿಕೊಂಡೆ. ಅರ್ಧ ಪ್ರೋಗ್ರಾಮನ್ನು ಕಿತ್ತು ಹೊಸದಾಗಿ ಬರೆದೆ. ಆಫೀಸಿನ ಕಂಪ್ಯೂಟರಿನಲ್ಲಿ ಓಡಿಸಿದರೆ ನೀರು ಹರಿದ ಹಾಗೆ ಓಡುತ್ತಿತ್ತು. ಭಾನುವಾರ ಬಂದರೆ ಮತ್ತೆ ಕಲ್ಲು. ನಾಲ್ಕನೇ ವಾರದ ಹೊತ್ತಿಗೆ ಎರಡು ಮತ್ತು ಎರಡು ಕೂಡಿದ್ದನ್ನೂ ಎರಡು ಸಲ ನೋಡುವಂತಾಗಿತ್ತು. ಒಲೆ ಆರಿಸಿದೆನಾ ಎಂದು ತರೀಕೆರೆ ಸ್ಟೇಷನ್ನಿನಿಂದ ಮನೆಗೆ ವಾಪಸು ಹೋಗಿ ನೋಡಿಬಂದೆ. ಮಗಳು ಮಗ್ಗಿ ತಪ್ಪಾಗಿ ಹೇಳಿದಳೆಂದು ಕಪಾಳಕ್ಕೆ ಹೊಡೆದೆ. ಆಮೇಲೆ ಯೋಚಿಸಿದರೆ ಅವಳು ಹೇಳಿದ್ದೇ ಸರಿಯಾಗಿತ್ತು. ಅವಳು ಅಳಲಿಲ್ಲ, ನನ್ನನ್ನೇ ನೋಡುತ್ತಾ ನಿಂತಳು. ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಟಿದ್ದ ನನ್ನ ಗಂಡ, "ಬಿಟ್ಬಿಡು ಕಣೇ ಈ ಕೆಲ್ಸ. ನಿನ್ನ ಮುಖ ನೋಡಕ್ಕಾಗ್ತಿಲ್ಲ" ಅಂದ.

ಐದನೇ ವಾರ ಅವರ ಮೇಜಿನ ಹತ್ತಿರ ಹೋಗಿ ಕೇಳಿದೆ. ಸರ್ವರಿನ ಕೀಲಿ, ಅಂದರೆ ಪಾಸ್‌ವರ್ಡು, ಅವರೊಬ್ಬರ ಹತ್ತಿರವೇ ಇರುತ್ತಿತ್ತು. ನನಗೆ ಕಾಣುತ್ತಿದ್ದುದು ಗೋಡೆಯ ಪರದೆ ಮಾತ್ರ.

"ಸರ್, ಭಾನುವಾರ ಒಂದರ್ಧ ಗಂಟೆ ನಾನೇ ಸರ್ವರ್ ಒಳಗೆ ಹೋಗಿ ನೋಡ್ತೀನಿ. ಬಿಡ್ತೀರಾ?"

ಅವರು ಕನ್ನಡಕ ತೆಗೆದರು. "ಯಾಕೆ, ನಾನು ನೋಡಿದ್ದು ಸಾಲ್ದಾ?"

"ಹಂಗಲ್ಲ ಸರ್."

"ಇನ್ನೆಂಗೆ? ನನ್ನ ಮೀಟ್ರ ಮೇಲೆ ನಂಬಿಕೆ ಇಲ್ಲ ಅಂತ ತಾನೇ? ಇಷ್ಟು ವರ್ಷ ಆಯ್ತು, ನನ್ನ ಲೆಕ್ಕ ಸುಳ್ಳು ಅಂದೋರು ಯಾರೂ ಇರ್ಲಿಲ್ಲ."

ಅವರ ದನಿ ಏರಿರಲಿಲ್ಲ. ಆದರೆ ಮುಖ ಕೆಂಪಾಗಿತ್ತು. ನಾನು ನಾಚಿಕೊಂಡು ಹಿಂದೆ ಬಂದೆ. ನನ್ನ ತಪ್ಪು ಮುಚ್ಚಲು ದೊಡ್ಡವರ ಮೇಲೆ ಅನುಮಾನ ಪಟ್ಟೆನೇನೋ ಅನ್ನಿಸಿತು. ಇನ್ನೊಂದು ಸಲ ಕೇಳಲಿಲ್ಲ. ಇವತ್ತಿಗೂ ನನ್ನ ಮೇಲೆ ನನಗಿರುವ ಸಿಟ್ಟು ಅದಕ್ಕೆ.

ಹುಬ್ಬಳ್ಳಿಯವರು ಲಿಖಿತ ವರದಿ ಕೇಳಿದರು. ಯಜಮಾನರು ಅದನ್ನು ಸರ್ವರ್ ಕಾಯುತ್ತಿದ್ದ ಇವರಿಂದಲೇ ಬರೆಸಿದರು. ಯಂತ್ರದಲ್ಲಿ ಯಾವ ದೋಷವೂ ಇಲ್ಲ, ದೋಷವಿರುವುದು ಪ್ರೋಗ್ರಾಮಿನಲ್ಲಿ, ಎಂದು ಒಂದೂವರೆ ಪುಟ. ಕೆಳಗೆ ಪೂರ್ತಿ ಹೆಸರು. ಅದೇ ವಾರ ಯಜಮಾನರು ನನ್ನನ್ನು ಕರೆದು, "ನಿಮಗೆ ರೆಸ್ಟ್ ಬೇಕು ಅನ್ಸುತ್ತಮ್ಮ. ಬೇರೆಯೋರನ್ನ ನೋಡಿದ್ದೀವಿ" ಅಂದರು. ವಾದ ಮಾಡಲು ನನ್ನಲ್ಲಿ ಏನೂ ಉಳಿದಿರಲಿಲ್ಲ. ತಪ್ಪು ನನ್ನದೇ ಎಂದು ಅಷ್ಟು ಹೊತ್ತಿಗೆ ನಾನೂ ನಂಬಿದ್ದೆ.

ಮೆಟ್ಟಿಲಿನಲ್ಲಿ ಅವರು ಸಿಕ್ಕಿದರು. ನನ್ನ ಬ್ಯಾಗಿನ ಕಡೆ ನೋಡಿದರು.

"ನಾನು ಕಂಡಿದ್ದನ್ನ ಬರ್ದೆ ತಾಯಿ" ಅಂದರು.

"ಗೊತ್ತು ಸರ್" ಅಂದೆ.

ಬೀರೂರಿನಲ್ಲಿ ಅವತ್ತೂ ಇಬ್ಬರೂ ಒಂದೇ ಪ್ಲಾಟ್‌ಫಾರಂ ಮೇಲೆ ಕಾದೆವು. ಬೇರೆ ಬೇರೆ ಬೆಂಚು. ಅವರು ಎರಡು ಲೋಟ ಟೀ ಹಿಡಿದು ಬಂದು ನನ್ನ ಮುಂದೆ ನಿಂತರು. ನಾನು ತಲೆ ಎತ್ತಲಿಲ್ಲ. ಸ್ವಲ್ಪ ಹೊತ್ತು ನಿಂತಿದ್ದು ಹೋದರು.

ಆಮೇಲಿನ ದಿನಗಳಲ್ಲಿ ನಾನು ಕಂಪ್ಯೂಟರಿನಲ್ಲಿ ಒಂದು ಸಾಲೂ ಪ್ರೋಗ್ರಾಂ ಬರೆಯಲಿಲ್ಲ. ಬರೆಯಲು ಕೂತರೂ ಕಂಪ್ಯೂಟರು ಆರಿಸಿ ಎದ್ದುಬಿಡುತ್ತಿದ್ದೆ. ತರೀಕೆರೆಯ ತಾಲ್ಲೂಕು ಕಚೇರಿಯ ಎದುರು ಒಂದು ಜೆರಾಕ್ಸ್ ಅಂಗಡಿಯಲ್ಲಿ ಅರ್ಜಿ ತುಂಬುವ ಕೆಲಸಕ್ಕೆ ಸೇರಿದೆ. ಪಹಣಿ, ಖಾತೆ ಬದಲಾವಣೆ, ಜಾತಿ ಪ್ರಮಾಣಪತ್ರ. ಅಲ್ಲಿಯೂ ತುಂಬಿದ ಅರ್ಜಿಯನ್ನು ಮೂರು ಮೂರು ಸಲ ಓದುತ್ತಿದ್ದೆ. ಸಾಲಿನಲ್ಲಿ ನಿಂತ ರೈತರು, "ಸರಿಯಾಗೈತೆ ಬಿಡವ್ವ, ಕೊಡು" ಅನ್ನುತ್ತಿದ್ದರು. ಸರಿಯಾಗಿದೆ ಎಂದು ನನಗೆ ಖಾತ್ರಿಯಾಗುತ್ತಿರಲಿಲ್ಲ.

ಆರು ತಿಂಗಳಾಗಿರಬೇಕು. ಒಂದು ಸೋಮವಾರ ಬೆಳಗ್ಗೆ ಅಂಗಡಿಯ ಮುಂದೆ ದೊಡ್ಡ ಸಾಲಿತ್ತು. ಒಬ್ಬರ ಅರ್ಜಿ ಮುಗಿಸಿ, ತಲೆ ಎತ್ತದೆಯೇ, "ಸರ್ವೆ ನಂಬರ್ ಹೇಳಿ" ಅಂದೆ. ಮತ್ತೆ ಕೇಳಿದೆ.

"ಸರ್ವೆ ನಂಬರ್?"

"ನಂದು ತಪ್ಪಾಗೈತೆ ತಾಯಿ."

ಅವರು. ಸಾಲಿನಲ್ಲಿ ನಿಂತು, ತಮ್ಮ ಸರದಿ ಬರುವವರೆಗೂ ಕಾದು ಬಂದಿದ್ದರು. ಶೇವ್ ಮಾಡಿರಲಿಲ್ಲ. ಕೈಯಲ್ಲಿ ನಾಲ್ಕಾಗಿ ಮಡಿಚಿದ ಹಾಳೆಗಳಿದ್ದವು.

"ನಿನ್ನ ಪ್ರೋಗ್ರಾಮಲ್ಲಿ ಏನೂ ಇರ್ಲಿಲ್ಲ" ಅಂದರು. "ಒಂದು ಸಾಲೂ ತಪ್ಪಿರ್ಲಿಲ್ಲ."

ನನ್ನ ಹಿಂದೆ ಜೆರಾಕ್ಸ್ ಮಿಶಿನ್ನು ಓಡುತ್ತಿತ್ತು. ಸಾಲಿನಲ್ಲಿದ್ದ ಒಬ್ಬಾತ, "ಬೇಗ ಬೇಗ ಆಗ್ಲಿ ಹಿರೀಕ್ರೇ, ನಮ್ಗೂ ಬಸ್ಸೈತೆ" ಅಂದ. ಅವರು ತಿರುಗಿ ಅವನಿಗೆ ಕೈಮುಗಿದು, "ಎರಡೇ ನಿಮಿಷ ಸ್ವಾಮಿ, ಎರಡು ನಿಮಿಷ ಕೊಡ್ರಿ" ಅಂದರು. ಆ ದನಿ ಕೇಳಿ ಆತ ಸುಮ್ಮನಾದ.

ಹಾಳೆ ಬಿಡಿಸಿ ನನ್ನ ಮುಂದಿಟ್ಟರು. ಅದರ ತುಂಬ ಪೆನ್ಸಿಲಿನ ಅಂಕಿಗಳು, ಕೂಡಿದ್ದು, ಹೊಡೆದುಹಾಕಿದ್ದು, ಮತ್ತೆ ಕೂಡಿದ್ದು. ಅವರು ಹೇಳಿದ್ದು ಇಷ್ಟು. ನಾನು ಹೋದ ಮೇಲೆ ಬಂದವನು ಪ್ರೋಗ್ರಾಮನ್ನು ಪೂರ್ತಿ ಹೊಸದಾಗಿ ಬರೆದ. ಆದರೂ ಭಾನುವಾರದ ಕಲ್ಲು ಕರಗಲಿಲ್ಲ. ಇಬ್ಬರು ಬೇರೆ ಬೇರೆ ಬರೆದ ಪ್ರೋಗ್ರಾಮಿನಲ್ಲಿ ಒಂದೇ ತಪ್ಪು ಹೇಗೆ ಬರುತ್ತದೆ ಎಂದು ಇವರಿಗೆ ಮೊದಲ ಸಲ ಅನುಮಾನ ಬಂತು. ಗೋಡೆಯ ಪರದೆ ಬಿಟ್ಟು ನೇರ ಸರ್ವರಿನೊಳಗೆ ಹೋಗಿ, ಲಿನಕ್ಸು ಬರೆದಿಟ್ಟ ಸಾಲನ್ನೇ ಕಾಗದಕ್ಕೆ ಇಳಿಸಿಕೊಂಡು ಕೂಡಲು ಕೂತರು.

"ಸೆಕೆಂಡಿಗೆ ನೂರು ಎಣಿಕೆ ಅದು. ನಿಮಿಷಕ್ಕೆ ಆರು ಸಾವಿರ ಆಗ್ಬೇಕು. ಕೆಲ್ಸ ಮಾಡಿದ್ದು, ಸುಮ್ನೆ ಕೂತಿದ್ದು, ಕಾದಿದ್ದು, ಎಲ್ಲಾ ಸೇರಿ. ನನ್ನ ಪುಸ್ತಕದಲ್ಲಿ ಏಳು ಅಂಕಿ ಅಂತ ಐತೆ. ಏಳೂ ಕೂಡಿದೆ. ಎರಡೂವರೆ ಸಾವ್ರನೂ ಬರ್ಲಿಲ್ಲ. ಮತ್ತೆ ಕೂಡಿದೆ. ಬರ್ಲಿಲ್ಲ. ಉಳಿದ ಹೊತ್ತು ಎಲ್ಲಿ ಹೋಯ್ತು ತಾಯಿ? ಹೊತ್ತು ಹಂಗೆ ಮಾಯ ಆಗ್ತದಾ?" ಬೆರಳು ಹಾಳೆಯ ಬಲತುದಿಗೆ ಹೋಯಿತು. "ಎಂಟನೇದು ಒಂದಿತ್ತು. ನನ್ನ ಪುಸ್ತಕ ಹಳೇದು, ಅದ್ರಲ್ಲಿ ಎಂಟನೇದು ಇಲ್ಲ. ನಾನು ನೋಡೇ ಇಲ್ಲ."

ಆ ಎಂಟನೇ ಅಂಕಿ ಸರ್ವರಿನಿಂದ ಕಸಿದುಕೊಂಡ ಹೊತ್ತಿನದು. ಬಾಡಿಗೆ ಸರ್ವರು ಎಂದರೆ ನಿಜಕ್ಕೂ ಒಂದು ದೊಡ್ಡ ಯಂತ್ರದ ಒಂದು ಪಾಲು. ಅದೇ ಯಂತ್ರವನ್ನು ಇನ್ನೂ ಹಲವರಿಗೆ ಪಾಲು ಮಾಡಿ ಕೊಟ್ಟಿರುತ್ತಾರೆ. ಎಲ್ಲರೂ ಒಟ್ಟಿಗೆ ಕೆಲಸಕ್ಕೆ ಬಿದ್ದಾಗ ನಮ್ಮ ಪಾಲಿನ ಹೊತ್ತಿನಲ್ಲಿ ಬೇರೆಯವರ ಕೆಲಸ ನಡೆಯುತ್ತದೆ. ನಮ್ಮ ಪ್ರೋಗ್ರಾಂ ಆಗ ಕೈಕಟ್ಟಿ ಕಾಯಬೇಕು. ಭಾನುವಾರ ಮಧ್ಯಾಹ್ನ ನೂರರಲ್ಲಿ ಅರವತ್ತು ಪಾಲು ಹೀಗೆ ಹೋಗುತ್ತಿತ್ತು. ಇವರ ಪರದೆ ಮಾತ್ರ ನಮಗೆ ಸಿಕ್ಕ ಮೂವತ್ತನ್ನು ತೋರಿಸಿ, ಉಳಿದದ್ದು ಖಾಲಿ ಎಂಬ ಭ್ರಮೆ ಹುಟ್ಟಿಸುತ್ತಿತ್ತು. ಸ್ವಂತ ಸರ್ವರು ಇದ್ದಾಗ ಕಸಿಯುವವರು ಯಾರೂ ಇರಲಿಲ್ಲ, ಆ ಅಂಕಿ ಸದಾ ಸೊನ್ನೆ. ಹಾಗಾಗಿ ಮೂರು ವರ್ಷ ಯಾವ ತಪ್ಪೂ ಕಾಣಲಿಲ್ಲ.

ನಾನು ಹಾಳೆ ನೋಡಿದೆ. ಅರ್ಥವಾಗಲು ಅರ್ಧ ನಿಮಿಷವೂ ಬೇಕಾಗಲಿಲ್ಲ. ಅವತ್ತು ನನ್ನನ್ನು ಒಳಗೆ ಬಿಟ್ಟಿದ್ದರೆ ಅರ್ಧ ಗಂಟೆಯಲ್ಲಿ ನನ್ನ ಕಣ್ಣಿಗೆ ಬೀಳುತ್ತಿತ್ತು.

ಹಗುರಾಗಬೇಕಿತ್ತು. ಆಗಲಿಲ್ಲ. ಹಾಳೆಗಳನ್ನು ಅವರ ಕಡೆಗೇ ತಳ್ಳಿದೆ.

"ಯಜಮಾನರಿಗೆ ಹೇಳಿದ್ರಾ?"

"ಹೇಳ್ದೆ. ಬೇರೆ ಮಿಶಿನ್ನಿಗೆ ಹಾಕಿ ಸುಮ್ನಿರಿ, ಹುಬ್ಬಳ್ಳಿಯೋರ ಕಿವಿಗೆ ಬಿದ್ರೆ ಮಾನ ಹೋಗ್ತದೆ ಅಂದ್ರು. ನಾನು ಸುಮ್ನಿರಲ್ಲ. ನಾನೇ ಅವ್ರಿಗೆ ಬರೀತೀನಿ."

"ಬರೆದು ಏನು ಮಾಡ್ತೀರಿ?" ನನ್ನ ದನಿ ನನಗೇ ಗುರುತು ಸಿಗಲಿಲ್ಲ. "ನನಗೆ ಹುಚ್ಚು ಹಿಡೀತಿದೆ ಅಂತ ನಾನೇ ನಂಬಿದ್ದೆ. ಮಗಳಿಗೆ ಹೊಡೆದೆ. ಅರ್ಧ ಗಂಟೆ ಕೇಳಿದ್ದೆ ಸರ್ ನಿಮ್ಮನ್ನ, ಅರ್ಧ ಗಂಟೆ. ಅದನ್ನ ವಾಪಸ್ ಕೊಡ್ತೀರಾ?"

ಸಾಲಿನವರೆಲ್ಲ ನಮ್ಮನ್ನೇ ನೋಡುತ್ತಿದ್ದರು. ತಮ್ಮ ಮಗಳ ವಯಸ್ಸಿನವಳ ಮುಂದೆ, ಅಷ್ಟು ಜನರೆದುರು, ಅವರು ತಲೆ ತಗ್ಗಿಸಿ ನಿಂತಿದ್ದರು.

"ಹೋಗಿ ಸರ್. ಇನ್ನು ಬರಬೇಡಿ."

ಹಾಳೆಗಳನ್ನು ಅಲ್ಲೇ ಬಿಟ್ಟು ಹೋದರು. ನಾನು ಮುಂದಿನವರಿಗೆ, "ಸರ್ವೆ ನಂಬರ್ ಹೇಳಿ" ಅಂದೆ. ಬರೆಯಲು ಹೋದರೆ ಕಾಗದ ಕಾಣಿಸಲಿಲ್ಲ. ಬಸ್ಸಿಗೆ ಅವಸರ ಮಾಡಿದ್ದ ರೈತ, "ನಿಧಾನಕ್ಕೆ ಬರಿಯವ್ವ, ಮುಂದಿನ ಬಸ್ಸಿಗೆ ಹೋಗ್ತೀನಿ" ಅಂದ.

ಅವರು ಬರೆದರು. ಹುಬ್ಬಳ್ಳಿಯವರಿಗೊಂದು, ಯಜಮಾನರಿಗೊಂದು, ನನ್ನ ಮನೆ ವಿಳಾಸಕ್ಕೊಂದು ಪ್ರತಿ. ಒಟ್ಟು ನಾಲ್ಕು ವಾಕ್ಯ. "ಹಿಂದಿನ ವರದಿಯಲ್ಲಿ ನಾನು ಬರೆದದ್ದು ತಪ್ಪು. ಯಂತ್ರದ ಲೆಕ್ಕವನ್ನು ನಾನು ಪೂರ್ತಿ ಕೂಡಿರಲಿಲ್ಲ. ಪ್ರೋಗ್ರಾಂ ಸರಿಯಾಗಿತ್ತು. ಅದನ್ನು ಬರೆದ ಹೆಣ್ಣುಮಗಳು ಯಂತ್ರವನ್ನು ನೋಡಲು ಕೇಳಿದ್ದರು, ನಾನು ಬಿಡಲಿಲ್ಲ." ಕೆಳಗೆ ಪೂರ್ತಿ ಹೆಸರು. ಇದೊಂದನ್ನು ಮಾತ್ರ ಪೆನ್ನಿನಲ್ಲಿ ಬರೆದಿದ್ದರು.

ಆ ವಾರವೇ ಅವರ ಕೆಲಸ ಹೋಯಿತು ಎಂದು ಚಿತ್ರ ಬರೆಯುತ್ತಿದ್ದವರಲ್ಲಿ ಒಬ್ಬಳು ಫೋನ್ ಮಾಡಿ ಹೇಳಿದಳು. ಮೇಜಿನ ಮೇಲಿನ ದಪ್ಪ ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡು, ಎಲ್ಲರಿಗೂ ಹೇಳಿ ಹೋದರಂತೆ. ಅಂಥ ಪತ್ರ ಬರೆದವರನ್ನು ಆ ವಯಸ್ಸಿನಲ್ಲಿ ಇನ್ನಾರು ಕೆಲಸಕ್ಕೆ ತೆಗೆದುಕೊಳ್ಳುತ್ತಾರೆ? ಆಮೇಲೆ ಎಲ್ಲೂ ಸೇರಲಿಲ್ಲವಂತೆ.

ಅದೇ ಪತ್ರ ನೋಡಿ ಹುಬ್ಬಳ್ಳಿಯವರು ನನ್ನನ್ನು ಕರೆದರು. ತಮ್ಮ ಇನ್ನೊಂದು ಆಟದ ಕೆಲಸ ಕೊಟ್ಟರು. ಮನೆಯಲ್ಲೇ ಕೂತು ಮಾಡುವುದು, ತಿಂಗಳಿಗೊಮ್ಮೆ ಹುಬ್ಬಳ್ಳಿಗೆ ಹೋಗಿಬರುವುದು. ಮೊದಲ ಸಲ ಕೀಲಿಮಣೆ ಮುಂದೆ ಕೂತವಳು ಮತ್ತೆ ಎದ್ದೆ. ಒಳಗಿನಿಂದ ಆ ಪತ್ರ ತಂದು ಪಕ್ಕದಲ್ಲಿಟ್ಟುಕೊಂಡೆ. ಪ್ರೋಗ್ರಾಂ ಸರಿಯಾಗಿತ್ತು. ಆ ಎರಡು ಪದ ಓದಿದೆ. ಬರೆಯಲು ಶುರು ಮಾಡಿದೆ.

ಆದರೂ ಅವರಿಗೆ ಫೋನ್ ಮಾಡಲಿಲ್ಲ. ಎರಡು ಸಲ ನಂಬರು ಒತ್ತಿ, ರಿಂಗ್ ಆಗುವ ಮೊದಲೇ ನಿಲ್ಲಿಸಿದೆ. ಸಿಟ್ಟು ಹೋಗಿತ್ತಾ ಎಂದರೆ, ಬಹುಶಃ ಒಂದು ವರ್ಷದೊಳಗೆ ಹೋಗಿತ್ತು. ಆಮೇಲೆ ಉಳಿದದ್ದು ಸಿಟ್ಟಲ್ಲ. ಅಷ್ಟು ಜನರೆದುರು ಅವರನ್ನು ಹಾಗೆ ಕಳಿಸಿದ್ದಕ್ಕೆ ಯಾವ ಮುಖ ಹೊತ್ತು ಮಾತಾಡಲಿ ಎಂಬ ಸಂಕಟ. ಹುಬ್ಬಳ್ಳಿಯ ರೈಲು ಅಜ್ಜಂಪುರದ ಮೇಲೇ ಹೋಗುತ್ತದೆ. ಪ್ರತಿ ತಿಂಗಳೂ ಅಲ್ಲಿ ಒಂದೆರಡು ನಿಮಿಷ ನಿಲ್ಲುತ್ತಿತ್ತು. ನಾನು ಕಿಟಕಿಯಿಂದ ಸರಿದು ಕೂರುತ್ತಿದ್ದೆ, ಅವರೇನಾದರೂ ಪ್ಲಾಟ್‌ಫಾರಂ ಮೇಲೆ ಇದ್ದರೆ ಎಂದು. ರೈಲು ಹೊರಟ ಮೇಲೆ ಇಣುಕಿ ನೋಡುತ್ತಿದ್ದೆ, ಇದ್ದರೇನೋ ಎಂದು. ಟೀ ಮಾರುವಾತ ಸುದ್ದಿ ಹೇಳಿದ ದಿನವೂ ಹಾಗೆಯೇ ಆ ಸ್ಟೇಷನ್ ದಾಟಿ ಬಂದಿದ್ದೆ. ಅವರು ಹೋಗಿ ಮೂರು ದಿನವಾಗಿತ್ತು, ನಾನು ಮುಖ ಮರೆಸಿಕೊಂಡು ಕೂತಿದ್ದೆ.

ಮರುದಿನ ಬೆಳಗಿನ ಬಸ್ಸಿಗೆ ಅಜ್ಜಂಪುರಕ್ಕೆ ಹೋದೆ. ಮನೆ ಹುಡುಕುವುದು ಕಷ್ಟವಾಗಲಿಲ್ಲ. ಫೋನ್ ಎಕ್ಸ್‌ಚೇಂಜಿನವರ ಮನೆ ಎಂದರೆ ಊರಿನಲ್ಲಿ ಇವತ್ತಿಗೂ ಎಲ್ಲರಿಗೂ ಗೊತ್ತು. ನಡುಮನೆಯಲ್ಲಿ ಜಮಖಾನ ಹಾಸಿದ್ದರು. ನೆಂಟರು ಬರುತ್ತಿದ್ದರು, ಕೂರುತ್ತಿದ್ದರು, ಏಳುತ್ತಿದ್ದರು. ಒಂದು ಮೂಲೆಯಲ್ಲಿ ಕೂತೆ. ಯಾರೂ ಏನೂ ಕೇಳಲಿಲ್ಲ. ಜನ ಕಡಿಮೆಯಾದ ಮೇಲೆ ಅವರ ಹೆಂಡತಿ ನನ್ನ ಹತ್ತಿರ ಬಂದು ಕೂತರು. ಸಣ್ಣ ಆಳು. ಅಳು ಮುಗಿದ ಕಣ್ಣುಗಳು.

"ಎಲ್ಲಿಂದ ಬಂದ್ಯವ್ವ?"

"ತರೀಕೆರೆಯಿಂದ. ಕಡೂರಲ್ಲಿ ಅವರ ಜೊತೆ ಕೆಲಸ ಮಾಡ್ತಿದ್ದೆ."

"ಕಡೂರಾ?" ಅವರು ಇನ್ನಷ್ಟು ಹತ್ತಿರ ಸರಿದರು. ದನಿ ತಗ್ಗಿಸಿದರು. "ಹಂಗಾರೆ ನಿಂಗೆ ಗೊತ್ತಿರ್ಬೇಕು. ಅಲ್ಲಿ ಒಬ್ಳು ಹೆಣ್ಮಗಳು ಇದ್ಳಂತೆ. ಇವ್ರು ಏನೋ ತಪ್ಪು ಲೆಕ್ಕ ಬರ್ದು ಅವ್ಳ ಕೆಲ್ಸ ಹೋಯ್ತಂತೆ. ಹೆಸ್ರು ಹೇಳ್ಲಿಲ್ಲ ನಂಗೆ. ಹೋಗಿ ನೋಡ್ಕೊಂಡು ಬರಾಣ ನಡೀರಿ, ನಾನೂ ಬತ್ತೀನಿ ಅಂದ್ರೆ, ಬರ್ಬೇಡ ಅಂದೌಳೆ, ಅಂದ್ಮೇಲೆ ಹೋಗ್ಬಾರ್ದು ಅನ್ನೋರು. ಆಸ್ಪತ್ರೇಲಿ ಮಲಗಿದ್ದಾಗ್ಲೂ ಅವ್ಳದೇ ಮಾತು. ಅವ್ಳು ಈಗ ಹೆಂಗವ್ಳೆ? ನಿಂಗೇನಾರ ಗೊತ್ತಾ?"

ಚೆನ್ನಾಗಿದ್ದಾಳೆ ಎಂದು ಹೇಳಿ ಮಧ್ಯಾಹ್ನದ ಬಸ್ಸಿಗೆ ಎದ್ದು ಹೋಗಬಹುದಿತ್ತು. ಅದು ಸುಳ್ಳೂ ಆಗುತ್ತಿರಲಿಲ್ಲ. ಬಾಯಿವರೆಗೂ ಬಂತು.

"ನಾನೇ ಕಣಮ್ಮ ಅದು" ಅಂದೆ.

ಅವರು ನನ್ನ ಮುಖವನ್ನೇ ನೋಡಿದರು. ಹೊರಗೆ ಯಾರೋ ಚಪ್ಪಲಿ ಬಿಡುವ ಸದ್ದಾಯಿತು.

"ಈಗ ಬಂದ್ಯಾ" ಅಂದರು.

ಬೈದರೋ, ಬರಮಾಡಿಕೊಂಡರೋ, ತಿಳಿಯಲಿಲ್ಲ. ನಾನು ಏಳಲು ಹೋದೆ. ಅವರು ನನ್ನ ಕೈ ಹಿಡಿದುಕೊಂಡಿದ್ದರು, ಬಿಡಲಿಲ್ಲ.